ಹಡಗು ನಿಧಾನವಾಗಿ ಬಂದರೆ

ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೀಜ ಸಾಲದು. ತಾಂಜಾನಿಯಾ ಮೊದಲಾದ ಆಫ್ರಿಕದ ದೇಶಗಳಿಂದ ಹಡಗಿನಲ್ಲಿ ಮಂಗಳೂರಿಗೆ ಬೀಜ ಬರುತ್ತದೆ. ಈ ಹಡಗು ಬೇಗ ಬಂದಷ್ಟೂ ಒಳ್ಳೆಯದಲ್ಲವೇ? ಲೆಕ್ಕ ಮಾಡಿ ನೋಡೋಣ.

ನೀರನ್ನು ಸೀಳಿ ಸಾಗಲು ಬೇಕಾದ ಶಕ್ತಿಯು ಸುಮಾರಾಗಿ ವೇಗದ ಘನವನ್ನು ಅನುಸರಿಸುತ್ತದೆ. ವೇಗವನ್ನು ಐದರಲ್ಲೊಂದು ಪಾಲು ತಗ್ಗಿಸಿರೆಂದುಕೊಳ್ಳಿ. 0.8 × 0.8 × 0.8 = 0.512. ದಿನಕ್ಕೆ 100 ಪಾಲು ಎಣ್ಣೆ ಉರಿಯುತ್ತಿದ್ದಲ್ಲಿ ಈಗ ಸುಮಾರು 51 ಪಾಲು ಸಾಕು. ಆದರೆ 8 ದಿನದ ಪ್ರಯಾಣ 10 ದಿನವಾಯಿತು. ಮೊದಲು ಒಟ್ಟು 800 ಪಾಲು, ಈಗ 512. ಅಂದರೆ ನೂರಕ್ಕೆ 36ರಷ್ಟು ಉಳಿತಾಯ. ಹೊಗೆಯೂ ಅಷ್ಟೇ ಕಡಿಮೆ. 2008ರಲ್ಲಿ ಎಣ್ಣೆಯ ಬೆಲೆ ಏರಿದಾಗ ದೊಡ್ಡ ಹಡಗು ಕಂಪೆನಿಗಳು ವೇಗ ತಗ್ಗಿಸಿದವು. ಹೊಗೆಗಿಂತ ಖರ್ಚಿಗೆ ಹೆದರಿಯೇ ಎನ್ನಿ!

ಇನ್ನೊಂದು ಮಗ್ಗುಲೂ ಇದೆ. ಸರಕಿಗೆ ಹಾಕಿದ ಹಣ ಎರಡು ದಿನ ಹೆಚ್ಚು ಕಡಲಲ್ಲೇ ಇರುತ್ತದೆ, ಬಡ್ಡಿ ಬೆಳೆಯುತ್ತದೆ. ಕಾರ್ಖಾನೆಯಲ್ಲಿ ಬೀಜ ಮುಗಿದರೆ ಸಿಪ್ಪೆ ತೆಗೆಯುವ ಹೆಂಗಸರಿಗೆ ಅಂದಿನ ಕೂಲಿಯಿಲ್ಲ. ಆದುದರಿಂದ ಗೋದಾಮಿನಲ್ಲಿ ಎರಡು ದಿನದ ಬೀಜವನ್ನು ಹೆಚ್ಚಿಗೆ ಇರಿಸಿಕೊಳ್ಳಬೇಕು. ಚೆನ್ನಾಗಿ ಒಣಗಿದ ಬೀಜವಾದ್ದರಿಂದ ಇದು ಸಾಧ್ಯ; ಹಸಿ ಮೀನಾಗಿದ್ದರೆ ಈ ಲೆಕ್ಕ ನಡೆಯದು.