ರೈಫಲ್ ನಳಿಗೆಯ ಮಸಿ ಮತ್ತು ಅದನ್ನು ತೆಗೆಯುವ ಬಗೆ

ಸೌದೆ ಒಲೆಯ ಮೇಲೆ ಇಟ್ಟ ಪಾತ್ರೆಗೆ ಮಸಿ ಹಿಡಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಉರಿಯುವಾಗ ಗಾಳಿ ಸಾಲದೆ ಹೋದರೆ ಇಂಗಾಲವು ಪೂರ್ತಿಯಾಗಿ ಉರಿಯದೆ ಕಪ್ಪು ಪುಡಿಯಾಗಿ ಉಳಿಯುತ್ತದೆ. ಮೂರು ಭಾಷೆಗಳ ಜನ ಕೂಡಿ ಬಾಳುವ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ತಮಿಳರು ಇದನ್ನು 'ಕರಿ' ಎನ್ನುತ್ತಾರೆ; ತೆಲುಗರೂ ನಾವೂ 'ಮಸಿ' ಎನ್ನುತ್ತೇವೆ. ಹೆಸರು ಯಾವುದಾದರೇನು, ವಸ್ತು ಒಂದೇ.

ಈ ಮಸಿ ಪಾತ್ರೆಯ ತಳಕ್ಕೆ ಮಾತ್ರ ಅಂಟುವುದಿಲ್ಲ. ಎನ್.ಸಿ.ಸಿ.ಗೆ ಸೇರಿದ ವಿದ್ಯಾರ್ಥಿಗಳು ಗುಂಡು ಹಾರಿಸಲು ಕಲಿಯುವ .22 ರೈಫಲ್ಲಿನ ನಳಿಗೆಯೊಳಗೂ ಅಂಟುತ್ತದೆ. 1948ರಲ್ಲಿ ಪ್ರಾರಂಭವಾದ ಎನ್.ಸಿ.ಸಿ.ಯಲ್ಲಿ ಗುಂಡು ಹಾರಿಸುವ ಪಾಠದ ಜೊತೆಯಲ್ಲೇ ರೈಫಲ್ ಶುಚಿಗೊಳಿಸುವ ಪಾಠವೂ ಇದೆ. ಮೊದಲನೆಯ ಪಾಠಕ್ಕೆ ಎಲ್ಲರಿಗೂ ಉತ್ಸಾಹ. ಎರಡನೆಯದು ಬಂತೆಂದರೆ ಬೇಗ ಮುಗಿದರೆ ಸಾಕೆಂದು ಕೆಲವರು, ಬಲವಾಗಿ ಉಜ್ಜಿದಷ್ಟೂ ಒಳ್ಳೆಯದೆಂದು ಮತ್ತೆ ಕೆಲವರು. ಎರಡೂ ಸರಿಯಲ್ಲ. ಮಸಿ ಯಾವ ಬಗೆಯದು ಎಂದು ತಿಳಿಯದೆ ಕೈಹಾಕಿದರೆ, ಮಸಿಗಿಂತ ಹೆಚ್ಚಿನ ಹಾನಿಯನ್ನು ನಮ್ಮ ಕೈಯೇ ಮಾಡುತ್ತದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಳಿಗೆಯ ಒಳಭಾಗ

.22 ಎಂದರೆ ನಳಿಗೆಯ ರಂಧ್ರದ ಅಡ್ಡಳತೆ ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗ, ಸುಮಾರು 5.6 ಮಿಲಿಮೀಟರ್. ನಮ್ಮ ಪೆನ್ಸಿಲ್ಲಿಗಿಂತಲೂ ಸಣ್ಣ ರಂಧ್ರ ಇದು. ಇದರ ಒಳಗೋಡೆ ನುಣುಪಾಗಿಲ್ಲ. ಸ್ಕ್ರೂ ಮೊಳೆಯ ಸುತ್ತುಗಳಂತೆ ತಿರುಗುತ್ತ ಸಾಗುವ ಸಣ್ಣ ಕಾಲುವೆಗಳನ್ನು ಅದರಲ್ಲಿ ಕೊರೆದಿರುತ್ತಾರೆ. ಇವಕ್ಕೆ ರೈಫ್ಲಿಂಗ್ ಎಂದು ಹೆಸರು. ರೈಫಲ್ ಎಂಬ ಹೆಸರೂ ಇದರಿಂದಲೇ ಬಂದಿದೆ. ಹೊರಗೆ ಹೋಗುವ ಗುಂಡು ಈ ಕಾಲುವೆಗಳಿಂದಾಗಿ ಬುಗುರಿಯಂತೆ ತಿರುಗುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡೂ ಮಗುಚದೆ ನೇರವಾಗಿ ಸಾಗುತ್ತದೆ.

ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗಕ್ಕೆ ಚೇಂಬರ್ ಎನ್ನುತ್ತಾರೆ. ಕುದುರೆ ಎಳೆದಾಗ ಮದ್ದು ಉರಿದು, ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರಕ್ಕೂ ಹೆಚ್ಚು ಪಟ್ಟು ಏರುತ್ತದೆ. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಗುಂಡು ನಳಿಗೆಯನ್ನು ದಾಟಿ ಹೋಗುತ್ತದೆ. ಗುಂಡು ಹೋಯಿತು, ಕೊಳೆ ಉಳಿಯಿತು.

ಹಳೆಯ ಮದ್ದು, ಹಳೆಯ ಮಸಿ

ನಮ್ಮ ಕಣ್ಣೆದುರಿಗಿರುವ ಕೃಷ್ಣಗಿರಿ ಬೆಟ್ಟ ಮತ್ತು ರಾಯಕೋಟೆಯ ದುರ್ಗ ಮೈಸೂರಿನ ಮೂರನೆಯ ಯುದ್ಧವನ್ನು ಕಂಡಂಥವು. 1791ರಲ್ಲಿ ರಾಯಕೋಟೆ ಕಂಪನಿಯ ವಶವಾಯಿತು. ಅದೇ ವರ್ಷ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ಲನ ಸೈನ್ಯ ಕೃಷ್ಣಗಿರಿ ಕೋಟೆಯನ್ನು ಹತ್ತಲು ಹೋಗಿ ಹಿಮ್ಮೆಟ್ಟಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದ ನಂತರ ಬಾರಾಮಹಲ್ ಪ್ರದೇಶ ಕಂಪನಿಗೆ ಸೇರಿತು. ಎರಡೂ ಕಡೆಯವರು ಆಗ ಬಳಸಿದ್ದು ಕಪ್ಪು ಮದ್ದು. ಪೆಟ್ಲುಪ್ಪು 75 ಭಾಗ, ಇದ್ದಿಲು 15 ಭಾಗ, ಗಂಧಕ 10 ಭಾಗ, ಇದು ಅದರ ಸಾಮಾನ್ಯ ಪಾಕ.

ಕಪ್ಪು ಮದ್ದಿನ ದೊಡ್ಡ ದೋಷವೆಂದರೆ, ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನ ಪದಾರ್ಥವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಸ್ವಲ್ಪ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಹತ್ತಾರು ಸಲ ಹಾರಿಸುವಷ್ಟರಲ್ಲಿ ನಳಿಗೆ ಕಿರಿದಾಗಿ ಗುಂಡು ಇಳಿಯುವುದೇ ಕಷ್ಟ. ಅದಕ್ಕಾಗಿಯೇ ಕಂಪನಿ ಸಿಪಾಯಿಯ ಬಂದೂಕಿನ ರಂಧ್ರ ಸುಮಾರು 0.75 ಅಂಗುಲವಿದ್ದರೆ ಅದರ ಗುಂಡು 0.69 ಅಂಗುಲದಷ್ಟಿರುತ್ತಿತ್ತು. ನಡುವಿನ ಸಂದು ಮಸಿಗೆ ಬಿಟ್ಟ ಜಾಗ! ಇದರಿಂದ ಗುಂಡು ತುಂಬುವುದು ಸುಲಭವಾಯಿತು, ಆದರೆ ಗುರಿ ಕೆಟ್ಟಿತು. ಮುಂದೆ ಎನ್‌ಫೀಲ್ಡ್ ರೈಫಲ್ ಬಂದಾಗ ತೋಟಾದ ಕಾಗದಕ್ಕೆ ಕೊಬ್ಬು ಸವರಿದರು. ಗುಂಡು ಜಾರಿ ಇಳಿಯಲಿ, ಮಸಿ ಮೆತ್ತಗಿರಲಿ ಎಂಬುದು ಅದರ ಉದ್ದೇಶ. ಆ ಕೊಬ್ಬು ಯಾವ ಪ್ರಾಣಿಯದೆಂಬ ಪ್ರಶ್ನೆಯೇ 1857ರ ಸಿಪಾಯಿಗಳ ಕೋಪಕ್ಕೆ ಕಿಡಿಯಾಯಿತು. ನಳಿಗೆಯೊಳಗಿನ ಮಸಿಯೂ ಚರಿತ್ರೆಯಲ್ಲಿ ಹೀಗೆ ತನ್ನ ಪಾತ್ರ ವಹಿಸಿದೆ.

ಕಪ್ಪು ಮದ್ದಿನ ಕೊಳೆಯಲ್ಲಿ ಪೊಟ್ಯಾಸಿಯಂ ಲವಣಗಳೇ ಹೆಚ್ಚು. ಅವು ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ತುಕ್ಕು ತರುತ್ತವೆ. ಆದರೆ ಲವಣಗಳಾದ್ದರಿಂದ ನೀರಿನಲ್ಲಿ ಕರಗುತ್ತವೆ. ಆದುದರಿಂದ ಬಿಸಿನೀರು ಸುರಿದು ತೊಳೆದು, ಒರೆಸಿ, ಎಣ್ಣೆ ಹಚ್ಚಿದರೆ ಅಂದಿನ ಬಂದೂಕು ಶುಚಿಯಾಗುತ್ತಿತ್ತು.

ಇಂದಿನ ಕೊಳೆ ನಾಲ್ಕು ಬಗೆ

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದನು. ನಮ್ಮ ರಾಜ್ಯದಲ್ಲೇ, ನೀಲಗಿರಿಯ ಅರುವಂಕಾಡಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಡೈಟ್ ಎಂಬ ಈ ಜಾತಿಯ ಮದ್ದಿನ ಕಾರ್ಖಾನೆ ಸ್ಥಾಪನೆಯಾಯಿತು. ಈ ಮದ್ದು ಬಹುಮಟ್ಟಿಗೆ ಅನಿಲವಾಗಿ ಹೋಗುವುದರಿಂದ ಕೊಳೆ ಕಡಿಮೆ. ಆದರೆ ಉಳಿಯುವ ಕೊಳೆ ನೀರಿಗೆ ಜಗ್ಗುವುದಿಲ್ಲ. ಅದನ್ನು ನಾಲ್ಕಾಗಿ ವಿಂಗಡಿಸಬಹುದು.

ಒಂದು, ಇಂಗಾಲ. ಇದ್ದಿಲನ್ನು ತೊಳೆದು ಬಿಳಿ ಮಾಡಲಾಗದು ಎಂದು ಹಿರಿಯರು ಹೇಳುವುದು ರಸಾಯನಶಾಸ್ತ್ರದ ಪ್ರಕಾರವೂ ನಿಜ. ಇಂಗಾಲ ನೀರಿನಲ್ಲಿ ಕರಗದು, ಸೀಮೆಎಣ್ಣೆಯಲ್ಲೂ ಕರಗದು. ಹೊಸದಾಗಿ ಕುಳಿತ ಮಸಿ ಪುಡಿಯಾಗಿರುತ್ತದೆ, ಬಟ್ಟೆಗೆ ಬರುತ್ತದೆ. ಅದರ ಮೇಲೆ ಮತ್ತೆ ಮತ್ತೆ ಶಾಖ, ಒತ್ತಡ ಬಿದ್ದರೆ ಪದರದ ಮೇಲೆ ಪದರ ಕೂತು ಗಾಜಿನಂತೆ ಗಟ್ಟಿಯಾಗುತ್ತದೆ. ಚೇಂಬರ್ ಮುಗಿದು ಕಾಲುವೆಗಳು ಪ್ರಾರಂಭವಾಗುವ ಕಡೆ ಶಾಖ ಹೆಚ್ಚಾದ್ದರಿಂದ ಅಲ್ಲಿ ಬಳೆಯಂತೆ ಒಂದು ಕಪ್ಪು ಸುತ್ತು ಕಟ್ಟುತ್ತದೆ. ಹಟಮಾರಿ ಮಸಿ ಎಂದರೆ ಇದೇ.

ಎರಡು, ಸೀಸ ಮತ್ತು ಮೇಣ. .22 ತೋಟಾದ ಗುಂಡು ಸಾಮಾನ್ಯವಾಗಿ ಸುಮಾರು 2.6 ಗ್ರಾಂ ತೂಕದ ಸೀಸದ ತುಂಡು. ಅದಕ್ಕೆ ಮೇಣ ಅಥವಾ ಜಿಡ್ಡು ಸವರಿರುತ್ತಾರೆ. ಇವು ಮಸಿಯೊಡನೆ ಬೆರೆತು ಅಂಟಾಗುತ್ತವೆ.

ಮೂರು, ತಾಮ್ರ. ಸೈನ್ಯದ ದೊಡ್ಡ ರೈಫಲ್ಲುಗಳ ಗುಂಡಿಗೆ ತಾಮ್ರದ ಕವಚ ಇರುವುದರಿಂದ ಅವುಗಳಲ್ಲಿ ತಾಮ್ರದ ಗೆರೆಗಳು ಉಳಿಯುತ್ತವೆ. ಅಮೋನಿಯಾ ಬೆರೆತ ದ್ರವ ಹಾಕಿದರೆ ಬಟ್ಟೆ ನೀಲಿಯಾಗಿ ಬರುತ್ತದೆ.

ನಾಲ್ಕು, ಉಪ್ಪು. ಹಳೆಯ .303 ತೋಟಾಗಳಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಅಡಿಗೆ ಉಪ್ಪಿನ ಬಂಧುವಾದ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಇದು ಎಣ್ಣೆಗೆ ಹೋಗದು, ನೀರಿಗೆ ಹೋಗುತ್ತದೆ. ಹಿಂದಿನ ಸೈನಿಕರು ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದುದು ಇದಕ್ಕೇ.

ನೋಡಿ, ಒಂದೇ ನಳಿಗೆಯಲ್ಲಿ ನಾಲ್ಕು ಕೊಳೆ, ನಾಲ್ಕಕ್ಕೂ ಬೇರೆ ಬೇರೆ ಮದ್ದು. ಎಣ್ಣೆ ಹಚ್ಚಿದರೆ ಎಲ್ಲವೂ ಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ.

ಮಸಿ ಉಳಿದರೆ ಏನಾಗುತ್ತದೆ?

ಗಟ್ಟಿ ಮಸಿ ಬೆಳೆದರೆ ತೋಟಾ ಸರಿಯಾಗಿ ಕೂರುವುದಿಲ್ಲ, ಗುಂಡು ಒಂದೊಂದು ಸಲ ಒಂದೊಂದು ರೀತಿಯಲ್ಲಿ ಹೊರಡುತ್ತದೆ. 25 ಮೀಟರ್ ದೂರದ ಗುರಿಹಲಗೆಯ ಮೇಲೆ ಒಂದೆಡೆ ಗುಂಪಾಗಿ ಬೀಳಬೇಕಾದ ಐದು ಗುಂಡುಗಳು ಚದರಿ ಬೀಳುತ್ತವೆ. ಪಾಪ, ಹುಡುಗನೋ ಹುಡುಗಿಯೋ ತನ್ನ ಕೈ ನಡುಗಿತೆಂದು ನೊಂದುಕೊಳ್ಳಬೇಕಾಗುತ್ತದೆ. ಇದಲ್ಲದೆ ಮಸಿಯ ಅಡಿಯಲ್ಲಿ ತೇವ ಸಿಕ್ಕಿಕೊಂಡರೆ ತುಕ್ಕು ಹಿಡಿದು ಉಕ್ಕಿನಲ್ಲಿ ಗುಳಿ ಬೀಳುತ್ತದೆ. ಮಸಿಯನ್ನು ತೆಗೆಯಬಹುದು, ಗುಳಿಯನ್ನು ತುಂಬಲಾಗದು.

ತೆಗೆಯುವ ಕ್ರಮ

ಈ ಕೆಲಸವನ್ನು ಬೋಧಕರ ಎದುರಿನಲ್ಲಿ ಮಾತ್ರ ಮಾಡತಕ್ಕದ್ದು. ಮೊದಲು ಮ್ಯಾಗಜೀನ್ ಕಳಚಿ, ಬೋಲ್ಟ್ ತೆರೆದು, ಚೇಂಬರಿನಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಎರಡನೆಯವರಿಂದಲೂ ನೋಡಿಸಬೇಕು. ತೋಟಾಗಳು ಆ ಕೋಣೆಯಲ್ಲೇ ಇರಕೂಡದು. ಬಾಗಿಲು, ಕಿಟಕಿ ತೆರೆದಿರಬೇಕು. ಹತ್ತಿರ ಬೆಂಕಿ ಇರಬಾರದು.

ಗುಂಡು ಹಾರಿಸಿದ ದಿನವೇ, ನಳಿಗೆ ಇನ್ನೂ ಬೆಚ್ಚಗಿರುವಾಗ ಪ್ರಾರಂಭಿಸುವುದು ಉತ್ತಮ. ನಳಿಗೆ ತೊಳೆಯುವ ದ್ರವದಲ್ಲಿ ಅದ್ದಿದ ಚಿಂದಿಯನ್ನು, ಎಂದರೆ ಅಳತೆಗೆ ಕತ್ತರಿಸಿದ ಬಟ್ಟೆಯ ತುಂಡನ್ನು, ಪುಲ್‌ಥ್ರೂ ಹಗ್ಗಕ್ಕೆ ಸಿಕ್ಕಿಸಿ ಚೇಂಬರಿನ ಕಡೆಯಿಂದ ನಳಿಗೆಯ ಬಾಯಿಯ ಕಡೆಗೆ ಎಳೆಯಬೇಕು. ಬಳಿಕ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಈ ಬಿಡುವೇ ಮುಖ್ಯ. ದ್ರವವು ಇಂಗಾಲವನ್ನು ಕರಗಿಸುವುದಿಲ್ಲ. ಅದರ ಕಣಗಳನ್ನು ಹಿಡಿದಿರುವ ಜಿಡ್ಡನ್ನು ಸಡಿಲಿಸಿ, ಸಂದುಗಳಲ್ಲಿ ಇಳಿದು, ಪದರವನ್ನು ಬಿಡಿಸುತ್ತದೆ. ಮುದ್ದೆ ಮಾಡಿದ ಪಾತ್ರೆಗೆ ಅಮ್ಮ ನೀರು ಹಾಕಿ ನೆನೆಯಲು ಬಿಡುವುದಿಲ್ಲವೇ? ಅದೇ ಉಪಾಯ.

ನೆನೆದ ಮೇಲೆ ಕಂಚಿನ ತಂತಿಯ ಕುಂಚವನ್ನು ಸಲಾಕೆಗೆ ಹಾಕಿ, ಅದೇ ದಿಕ್ಕಿನಲ್ಲಿ ಕೆಲವು ಸಲ ಹಾಯಿಸಬೇಕು. ಕಂಚು ಉಕ್ಕಿಗಿಂತ ಮೆದು. ಮಸಿಯನ್ನು ಕೆರೆಯುತ್ತದೆ, ನಳಿಗೆಯನ್ನು ಕೆರೆಯುವುದಿಲ್ಲ. ಅನಂತರ ಒಣ ಚಿಂದಿಗಳಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಚೇಂಬರಿನ ಮುಂದೆ ಕಪ್ಪು ಸುತ್ತು ಇನ್ನೂ ಕಂಡರೆ ಬಲ ಹೆಚ್ಚಿಸಬಾರದು. ನೆನೆಯುವ ಹೊತ್ತನ್ನು ಹೆಚ್ಚಿಸಿ ಇನ್ನೊಂದು ಸರದಿ ಮಾಡಬೇಕು. ಮೂರು ನಾಲ್ಕು ಸರದಿಗೂ ಹೋಗದಿದ್ದರೆ ಅದು ಆಯುಧ ರಿಪೇರಿ ಬಲ್ಲವರ ಕೆಲಸ. ನಯವಾದ ಉಜ್ಜುಪುಡಿ ಬೆರೆತ ಲೇಹ್ಯ ಅವರ ಬಳಿ ಇರುತ್ತದೆ, ಅದನ್ನು ಎಷ್ಟು ಬಳಸಬೇಕೆಂಬ ಅರಿವೂ ಇರುತ್ತದೆ.

ಕೊನೆಗೆ ತೆಳುವಾಗಿ ಎಣ್ಣೆ ಸವರಿಡಬೇಕು. ಮತ್ತೆ ಗುಂಡು ಹಾರಿಸುವ ಮುನ್ನ ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಕೊಳೆಯಲ್ಲಿ ಸೀಸ ಇರುವುದರಿಂದ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಂಡೇ ತಿಂಡಿ ಮುಟ್ಟಬೇಕು.

ಮಾಡಬಾರದ್ದು

ಉಪ್ಪುಕಾಗದ, ಕಬ್ಬಿಣದ ನಾರು, ಸ್ಕ್ರೂಡ್ರೈವರ್ ಇವನ್ನು ನಳಿಗೆಯ ಹತ್ತಿರ ತರಕೂಡದು. ಹಗ್ಗವನ್ನು ಓರೆಯಾಗಿ ಎಳೆಯಕೂಡದು. ಬಾವಿಯ ಕಲ್ಲಿನ ಅಂಚನ್ನು ಹಗ್ಗ ತೇಯುವಂತೆ ಪುಲ್‌ಥ್ರೂ ಹಗ್ಗವೂ ನಳಿಗೆಯ ಬಾಯಂಚನ್ನು ತೇಯುತ್ತದೆ. ಗುಂಡಿನ ಕೊನೆಯ ಸ್ಪರ್ಶ ಆ ಅಂಚಿಗೇ ಆದ್ದರಿಂದ ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಗುರಿ ತಪ್ಪುತ್ತದೆ.

ಇಲ್ಲಿ ನಮ್ಮೂರಿನ ಒಂದು ಉದಾಹರಣೆ ಹೇಳಬಹುದು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಂದಿತು. ಅಂಥ ಎರಡು ಸ್ಟ್ರೋಕಿನ ಬಂಡಿಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಸೈಲೆನ್ಸರಿನಲ್ಲಿ ಇಂಗಾಲ ಕಟ್ಟಿ ಎಳೆತ ಕುಗ್ಗುತ್ತದೆ. ಮೆಕ್ಯಾನಿಕ್ ಸೈಲೆನ್ಸರನ್ನು ಬಿಚ್ಚಿ, ಬೆಂಕಿಯಲ್ಲಿ ಕಾಯಿಸಿ ಇಂಗಾಲವನ್ನೇ ಉರಿಸಿ, ತಟ್ಟಿ ಉದುರಿಸುತ್ತಾನೆ. ಅಲ್ಲಿ ಅದು ಸರಿ. ಸೈಲೆನ್ಸರ್ ಬರೀ ಹೊಗೆಯ ದಾರಿ. ರೈಫಲ್ ನಳಿಗೆಯಾದರೋ ಹದಗೊಳಿಸಿದ ಉಕ್ಕು, ಸಾವಿರ ಪಟ್ಟು ಒತ್ತಡ ತಾಳಬೇಕಾದದ್ದು. ಬೆಂಕಿಗೆ ಹಿಡಿದರೆ ಹದ ಕೆಟ್ಟು ಅಪಾಯವಾದೀತು. ಇಂಗಾಲ ಒಂದೇ, ಅದು ಕೂತ ಜಾಗ ಬೇರೆ, ಆದುದರಿಂದ ಉಪಾಯವೂ ಬೇರೆ.

ಮನೆಯಲ್ಲೇ ಮಾಡಿ ನೋಡಿ

ರೈಫಲ್ ಇಲ್ಲದೆಯೂ ಈ ಪಾಠವನ್ನು ಪರೀಕ್ಷಿಸಬಹುದು. ಹಳೆಯ ಚಮಚವೊಂದರ ಹಿಂಬದಿಯನ್ನು, ಇಕ್ಕಳದಲ್ಲಿ ಹಿಡಿದು, ಹಿರಿಯರ ಎದುರಿನಲ್ಲಿ ಮೇಣದಬತ್ತಿಯ ಜ್ವಾಲೆಗೆ ಹಿಡಿಯಿರಿ. ಕಪ್ಪು ಮಸಿ ಕೂರುತ್ತದೆ. ಆರಿದ ಮೇಲೆ ಬೆರಳಿನಿಂದ ಒರೆಸಿದರೆ ಹೋಗುತ್ತದೆ. ಇನ್ನು ಹಾಲು ಸೀದ ಪಾತ್ರೆಯ ತಳವನ್ನು ಒರೆಸಿ ನೋಡಿ, ಹೋಗದು. ಅದರ ಅರ್ಧಕ್ಕೆ ನೀರು ನಿಲ್ಲುವಂತೆ ಓರೆಯಾಗಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಎರಡು ಭಾಗಗಳನ್ನೂ ತೆಂಗಿನ ನಾರಿನಿಂದ ಉಜ್ಜಿ, ಯಾವ ಭಾಗಕ್ಕೆ ಎಷ್ಟು ಸಲ ಉಜ್ಜಬೇಕಾಯಿತೆಂದು ಎಣಿಸಿ ಬರೆದಿಡಿ. ನೆನೆಯುವುದಕ್ಕೆ ಕೊಟ್ಟ ಹೊತ್ತು ಉಜ್ಜುವ ಶ್ರಮವನ್ನು ಎಷ್ಟು ಉಳಿಸುತ್ತದೆಂದು ಆಗ ತಿಳಿಯುತ್ತದೆ.

ತರಬೇತಿಯ ರೈಫಲ್ ಯಾರೊಬ್ಬರ ಸ್ವತ್ತೂ ಅಲ್ಲ. ಈ ವರ್ಷ ನಾವು ಹಿಡಿದದ್ದನ್ನು ಮುಂದಿನ ವರ್ಷ ಡೆಂಕಣಿಕೋಟೆಯಿಂದಲೋ ತಳಿಯಿಂದಲೋ ಬಂದ ಇನ್ನೊಬ್ಬರು ಹಿಡಿಯುತ್ತಾರೆ. ಮೈಗಳ್ಳತನದಿಂದ ಬಿಟ್ಟ ಮಸಿಯೂ, ಅವಸರದಿಂದ ತೇದ ಅಂಚೂ ಅವರ ಗುರಿಯನ್ನೇ ಕೆಡಿಸುತ್ತವೆ. ಆದ್ದರಿಂದ ಪ್ರತಿ ಸಲ ಗುಂಡು ಹಾರಿಸಿದ ದಿನವೇ, ಬೋಧಕರು ತೋರಿಸಿದ ಕ್ರಮದಲ್ಲಿ, ಅವಸರವಿಲ್ಲದೆ ನಳಿಗೆಯನ್ನು ಶುಚಿಮಾಡಿ ಹಿಂದಿರುಗಿಸೋಣ.