ಜುಲೈ ಬೇಡ, ಏಪ್ರಿಲ್‌ಗೇ ಹೊರಡಿ

ಬುಕ್ಕಾಪಟ್ಟಣ, ಶಿರಾ ತಾಲ್ಲೂಕು



ಮುಂದಿನ ಜುಲೈಗೆ ಗಂಡಹೆಂಡತಿ ಇಬ್ಬರೂ ಅಥೆನ್ಸ್ ನೋಡಲು ಹೊರಡುತ್ತೀರೆಂಬ ಸುದ್ದಿ ಊರು ತಲುಪಿದೆ. ಹೋಗುವುದು ಸರಿ, ತಿಂಗಳು ಮಾತ್ರ ಸರಿಯಿಲ್ಲ.

ಶಿರಾ ಸೀಮೆಯ ಬಿಸಿಲುಂಡವರಿಗೆ ಗ್ರೀಸಿನ ಬಿಸಿಲೇನು ಮಹಾ ಎಂಬ ಜಂಬ ಈ ಕಡೆಯವರಿಗೆಲ್ಲ ಇದ್ದದ್ದೇ. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ನೆತ್ತಿ ಕಾಯುತ್ತದೆ, ಜೂನ್ ಹೊತ್ತಿಗೆ ಮಳೆ ಬರಲಿ ಬಿಡಲಿ, ಮೋಡ ಗಾಳಿಯಾದರೂ ಬರುತ್ತವೆ. ಮೆಡಿಟರೇನಿಯನ್ ತೀರದ ಲೆಕ್ಕವೇ ಬೇರೆ. ಅಲ್ಲಿ ಮಳೆಯೆಲ್ಲ ಚಳಿಗಾಲದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದ ಸುಳಿವೂ ಅಪರೂಪ. ಮೇಲಾಗಿ ಅಕ್ರೊಪೊಲಿಸ್ ಒಂದು ಸುಣ್ಣಕಲ್ಲಿನ ಬೋಳುಗುಡ್ಡ, ನೆತ್ತಿಯ ಮೇಲೆ ಬಿಳಿ ಅಮೃತಶಿಲೆ. ನಿಲ್ಲಲು ನೆರಳಿಲ್ಲ. 2023ರ ಜುಲೈನಲ್ಲಿ ಬಿಸಿಗಾಳಿ ಬೀಸಿದಾಗ ಸರ್ಕಾರವೇ ಮಧ್ಯಾಹ್ನದ ಹೊತ್ತು ಅದರ ಬಾಗಿಲು ಹಾಕಿಸಿತು. 2024ರ ಜೂನ್‌ನಲ್ಲಿ ಮತ್ತೆ, 12ರಿಂದ 5 ಗಂಟೆಯವರೆಗೆ.

ಅದೇ ಜೂನ್ 5ರಂದು ಬ್ರಿಟನ್ನಿನ ಹೆಸರಾಂತ ಆರೋಗ್ಯ ಪತ್ರಕರ್ತ ಮೈಕೆಲ್ ಮೋಸ್ಲಿ, ಹೆಂಡತಿಯೊಡನೆ ಗ್ರೀಸಿನ ಸೀಮಿ ದ್ವೀಪಕ್ಕೆ ರಜೆಗೆ ಬಂದವರು, ಮಧ್ಯಾಹ್ನ ಒಬ್ಬರೇ ನಡೆದು ಹೊರಟರು. ನಾಲ್ಕು ದಿನದ ಮೇಲೆ ಶವ ಸಿಕ್ಕಿತು. ದೇಹಾರೋಗ್ಯದ ಬಗ್ಗೆ ಲಕ್ಷಾಂತರ ಜನಕ್ಕೆ ತಿಳಿವಳಿಕೆ ಹೇಳಿದ ಮನುಷ್ಯ ಅವರು. ಬುಕ್ಕಾಪಟ್ಟಣದ ಕಾಡಿನ ಚಿಂಕಾರವೂ (2019ರಲ್ಲಿ ಅದಕ್ಕೆಂದೇ ಇಲ್ಲೊಂದು ವನ್ಯಧಾಮವಾಯಿತು) ನಡುಹಗಲಲ್ಲಿ ನೆರಳು ಬಿಟ್ಟು ಕದಲುವುದಿಲ್ಲ.

ಆದ್ದರಿಂದ ನಮ್ಮ ಬೇಸಿಗೆ ರಜೆಯಲ್ಲೇ ಹೊರಡಿ. ಏಪ್ರಿಲ್ ಅಲ್ಲಿ ವಸಂತ. ಗುಡ್ಡದ ಬುಡದಲ್ಲಿ ಕೆಂಪು ಗಸಗಸೆ ಹೂ ಬಿಟ್ಟಿರುತ್ತದೆ. ಮೇ 1 ಮತ್ತು ಅವರ ಈಸ್ಟರ್ ಭಾನುವಾರ ಅಕ್ರೊಪೊಲಿಸ್‌ಗೆ ರಜೆ, ಆ ದಿನಗಳನ್ನು ತಪ್ಪಿಸಿ. ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತಲೆಗೆ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ.

ಅಕ್ರೊಪೊಲಿಸ್ ಹತ್ತುವಾಗ ಎಲ್ಲರಂತೆ ನೆತ್ತಿಯ ಪಾರ್ಥೆನಾನ್‌ಗೆ ಓಡಬೇಡಿ. ದಕ್ಷಿಣದ ಬಾಗಿಲಿಂದ ಒಳಹೊಕ್ಕರೆ ಮೊದಲು ಸಿಗುವುದು ಡಯೊನೈಸಸ್ ರಂಗಮಂದಿರ. ಕ್ರಿ.ಪೂ. 472ರಲ್ಲಿ ಇದೇ ಜಾಗದಲ್ಲಿ ಈಸ್ಕಿಲಸ್‌ನ ನಾಟಕವೊಂದು ಅಥೆನ್ಸಿನ ಜನರ ಮುಂದೆ ನಡೆಯಿತು. ಈಗ ಕಾಣುವ ಕಲ್ಲಿನ ಆಸನಗಳು ಆಮೇಲಿನವು. ಪರ್ಷಿಯನ್ನರನ್ನು ಸೋಲಿಸಿ ಹತ್ತು ವರ್ಷವೂ ಆಗಿರಲಿಲ್ಲ, ಗೆದ್ದ ಊರಿನ ನಡುವೆಯೇ ಸೋತವರ ಅರಮನೆಯ ಗೋಳನ್ನು ಆಡಿ ತೋರಿಸಿದ ನಾಟಕ ಅದು. 1935ರಲ್ಲಿ ‘ಪಾರಸಿಕರು’ ಎಂದು ಅದನ್ನು ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದ್ದು ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಹೋಗುವ ಮುನ್ನ ಅದನ್ನು ಓದಿ. ವಿಮಾನದಲ್ಲೇ ಮುಗಿಯುತ್ತದೆ.

ಪಾರ್ಥೆನಾನ್ ಹಳೆಯದಾಗಿ ತಾನೇ ಕುಸಿದದ್ದಲ್ಲ. ಗುಡಿಯಾಗಿ, ಇಗರ್ಜಿಯಾಗಿ, ಮಸೀದಿಯಾಗಿ ಎರಡು ಸಾವಿರ ವರ್ಷಕ್ಕೂ ಮೀರಿ ನಿಂತಿತ್ತು. ತುರ್ಕರು ಅದರೊಳಗೆ ಮದ್ದಿನಪುಡಿ ತುಂಬಿಟ್ಟಿದ್ದರು; 1687ರ ಸೆಪ್ಟೆಂಬರ್ 26ರಂದು ವೆನಿಸ್ ಸೈನ್ಯದ ಗುಂಡೊಂದು ಬಿದ್ದು ನಡುಭಾಗ ಸಿಡಿದುಹೋಯಿತು. ಅದೇ 1687ರಲ್ಲಿ ಔರಂಗಜೇಬನ ಸೈನ್ಯ ಈ ಸೀಮೆಗೆ ಬಂತು, ಶಿರಾ ಮೊಗಲ್ ಸುಬಾದ ರಾಜಧಾನಿಯಾಯಿತು. ಪಕ್ಕದಲ್ಲೇ ಇರುವ ಮಲ್ಲಿಕ್ ರಿಹಾನ್ ಗೋರಿಯನ್ನು, 1696ರ ಜಾಮಿಯಾ ಮಸೀದಿಯನ್ನು ನೀವಿಬ್ಬರೂ ಬಸ್ಸಿನ ಕಿಟಕಿಯಿಂದಾಚೆಗೆ ಕಂಡಿಲ್ಲವೆಂದು ಈ ಮುದುಕನಿಗೆ ಅನುಮಾನ. ಹೊರಡುವ ಮೊದಲು ಒಂದು ಭಾನುವಾರ ಅಲ್ಲಿಗೂ ಹೋಗಿಬನ್ನಿ. ಟಿಕೆಟಿನ ಖರ್ಚೂ ಇಲ್ಲ.

ಅಕ್ರೊಪೊಲಿಸ್‌ಗೆ ಈಗ ಗಂಟೆ ನಮೂದಿಸಿದ ಟಿಕೆಟ್, ದಿನಕ್ಕೆ 20,000 ಜನರ ಮಿತಿ. ಬೆಳಿಗ್ಗೆ 8ರದ್ದನ್ನೇ ತೆಗೆದುಕೊಳ್ಳಿ. ಸವೆದ ಅಮೃತಶಿಲೆ ಕಾಲು ಜಾರಿಸುತ್ತದೆ, ಹಿಡಿತವಿರುವ ಶೂ ಇರಲಿ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ. ಬಿಸಿಲೇರಿದ ಮೇಲೆ ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂ ಸೇರಿಕೊಳ್ಳಿ. ಗುಡ್ಡದ ಮೇಲಿನ ಇನ್ನೊಂದು ಗುಡಿಯ ಸೂರನ್ನು ತಲೆಯ ಮೇಲೆ ಹೊತ್ತು ನಿಂತಿದ್ದ ಆರು ಕಲ್ಲಿನ ಹೆಂಗಸರಲ್ಲಿ ಐವರು ಅಲ್ಲಿದ್ದಾರೆ. ಆರನೆಯವಳನ್ನು ಎಲ್ಗಿನ್ ಪ್ರಭು ಲಂಡನ್ನಿಗೆ ಸಾಗಿಸಿದ; ಅವಳನ್ನು ನೋಡಲು ಬೇರೆ ವೀಸಾ ಬೇಕು.