ಸಿಹಿ ಗೋವಿನಜೋಳದ ಶೀತಸಂರಕ್ಷಣೆ

ಕಾಯಕದ ಫಲವು ದಾಸೋಹಕ್ಕೆ ಸಲ್ಲಬೇಕು. ಅದು ಕೊಳೆತು ತಿಪ್ಪೆ ಸೇರಿದರೆ ಕಾಳಿನೊಡನೆ ಬೆಳೆದವನ ಶ್ರಮವೂ ವ್ಯರ್ಥವಾಗುವುದು. ನಮ್ಮ ಹಿರಿಯರು ಚೆನ್ನಾಗಿ ಒಣಗಿದ ಜೋಳವನ್ನು ಹಗೇವಿನಲ್ಲಿಟ್ಟು ಬಹುಕಾಲ ಕಾಪಾಡುತ್ತಿದ್ದರು. ಹಿತ್ತಲಲ್ಲಿ ಬೆಳೆದ ಸಿಹಿ ಗೋವಿನಜೋಳಕ್ಕೆ ಆ ವಿಧಾನ ಒಗ್ಗದು. ಹಾಲುತುಂಬಿದ ಅದರ ಹಸಿಗಾಳಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದು. ಬೆಳೆಯಿಲ್ಲದ ತಿಂಗಳುಗಳಿಗೆ ಅದನ್ನು ಹಸಿಯಾಗಿಯೇ ಉಳಿಸಿಕೊಳ್ಳಲು ಶೈತ್ಯವೇ ಸುಲಭ ಸಾಧನ.

ತೆನೆ ಮುರಿದ ಮೇಲೂ ಕಾಳಿನ ಜೀವಕ್ರಿಯೆ ನಿಲ್ಲದು. ಅದರ ಸಕ್ಕರೆ ಪಿಷ್ಟವಾಗಿ ಮಾರ್ಪಡುತ್ತಲೇ ಇರುವುದು. ಅಮೆರಿಕದ ಆಪಲ್‌ಮನ್ ಮತ್ತು ಆರ್ಥರ್ ಎಂಬ ವಿಜ್ಞಾನಿಗಳು 1919ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದೇ ದಿನಕ್ಕೆ ಸುಮಾರು ಅರ್ಧದಷ್ಟು ಸಕ್ಕರೆ ನಷ್ಟವಾದುದು ಕಂಡುಬಂದಿತು. ಇಂದಿನ ಕೆಲವು ತಳಿಗಳಲ್ಲಿ ಈ ಬದಲಾವಣೆ ನಿಧಾನ. ಆದರೂ ನಸುಕಿನ ತಂಪಿನಲ್ಲಿ ಕೊಯ್ದು ಅಂದೇ ಸಂಸ್ಕರಿಸುವುದು ಲೇಸು.

ಹಸಿಗಾಳನ್ನು ನೇರವಾಗಿ ಫ್ರೀಜರಿನಲ್ಲಿಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಶೈತ್ಯವು ಕಿಣ್ವಗಳನ್ನು ಮಂದಗೊಳಿಸುವುದೇ ಹೊರತು ನಾಶಪಡಿಸದು. ಅವು ಮೆಲ್ಲಮೆಲ್ಲನೆ ಕೆಲಸಮಾಡಿ ರುಚಿ, ಬಣ್ಣಗಳನ್ನು ಕೆಡಿಸುವುವು. ಆದ್ದರಿಂದ ಮೊದಲು ಬಿಸಿನೀರಿನ ಸಂಸ್ಕಾರ ಅವಶ್ಯ.

ಮುಸುಕು, ಕೂದಲುಗಳನ್ನು ತೆಗೆದ ತೆನೆಗಳನ್ನು ಕುದಿಯುವ ನೀರಿನಲ್ಲಿ 4 ನಿಮಿಷ ಇಟ್ಟು, ಕೂಡಲೇ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ಪೂರ್ಣ ತಣಿಸಬೇಕು. ತಣಿಸುವುದು ತಡವಾದರೆ ಕಾಳು ಬೆಂದು ಮೆತ್ತಗಾಗುವುದು. ಬಳಿಕ ನೀರನ್ನು ಸೋರಿಸಿ, ಕಾಳಿನ ಆಳದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಕೊಯ್ದು ಬಿಡಿಸಬೇಕು. ಒಂದು ಅಡುಗೆಗೆ ಬೇಕಾಗುವಷ್ಟನ್ನೇ ಚೀಲಕ್ಕೆ ತುಂಬಿ, ಗಾಳಿ ಹೊರಡಿಸಿ, ದಿನಾಂಕ ಬರೆದು ಮೈನಸ್ 18 ಡಿಗ್ರಿಯಲ್ಲಿಡಬೇಕು. ಚೀಲಗಳನ್ನು ಮೊದಲು ಹರಡಿಟ್ಟರೆ ಬೇಗ ಹೆಪ್ಪುಗಟ್ಟುವುವು; ಮಂಜಿನ ಹರಳುಗಳು ಸಣ್ಣವಾಗಿ ಕಾಳಿನ ರಚನೆ ಉಳಿಯುವುದು. ಹೀಗೆ ಎಂಟರಿಂದ ಹನ್ನೆರಡು ತಿಂಗಳು ಗುಣ ಕೆಡದು.

ಶೈತ್ಯವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುವುದು, ಅವೆಲ್ಲವನ್ನೂ ಕೊಲ್ಲದು. ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಶೈತ್ಯವನ್ನು ಹಿಡಿದಿಡಬಲ್ಲುದು. ಕರಗಿ ಬಹುಕಾಲ ಬೆಚ್ಚಗಿದ್ದುದನ್ನು ಮಕ್ಕಳಿಗೆ ಬಡಿಸಲಾಗದು.

ಶಿಕ್ಷಕರು ಸಂಸ್ಕರಿಸಿದ ಒಂದು ಚೀಲ, ಸಂಸ್ಕರಿಸದ ಒಂದು ಚೀಲವನ್ನು ಜೊತೆಗಿರಿಸಿ, ಕೆಲವು ತಿಂಗಳ ಬಳಿಕ ಬೇಯಿಸಿ ವಿದ್ಯಾರ್ಥಿಗಳಿಗೆ ರುಚಿ ತೋರಿಸಲಿ. ಕಿಣ್ವದ ಪಾಠವು ನಾಲಿಗೆಯಿಂದಲೇ ಮನದಟ್ಟಾಗುವುದು. ಬೆಳೆದುದನ್ನು ಕಾಪಾಡುವುದೂ ಕಾಯಕವೆಂಬ ಅರಿವು ಅದರೊಡನೆ ಮೂಡುವುದು.